ಅಗ್ನಿಶಾಮಕ ಪಂಪಿನ ವೈರಿಂಗ್: ಮೋಟಾರ್ ಸುಟ್ಟರೂ ಸರಿ, ನೀರು ನಿಲ್ಲಬಾರದು

"ಇದೂ ಮೂರು ಫೇಸಿನ ಮೋಟಾರೇ ಅಲ್ಲವೇ? ಸಂಪಿನ ಮೋಟಾರಿಗೆ ಎಳೆದಂತೆ ಇದಕ್ಕೂ ಲೈನ್ ಎಳೆದರೆ ಏನು ತಪ್ಪು?" ಅಪಾರ್ಟ್‌ಮೆಂಟ್ ಸಂಘಗಳ ಕಾರ್ಯದರ್ಶಿಗಳು, ಹೊಸದಾಗಿ ಲೈಸೆನ್ಸ್ ಪಡೆದ ಗುತ್ತಿಗೆದಾರರು, ಕೆಲವೊಮ್ಮೆ ಸಿವಿಲ್ ಎಂಜಿನಿಯರುಗಳೂ ನನಗೆ ಕೇಳುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ತೋಟದ ಬೋರ್‌ವೆಲ್ ಮೋಟಾರನ್ನು ನೆನೆಯಿರಿ. ಹೊರೆ ಹೆಚ್ಚಾದರೆ ರಿಲೇ ಅದನ್ನು ನಿಲ್ಲಿಸುತ್ತದೆ, ಒಂದು ಫೇಸ್ ಹೋದರೆ ನಿಲ್ಲಿಸುತ್ತದೆ, ವೋಲ್ಟೇಜ್ ಕುಸಿದರೆ ನಿಲ್ಲಿಸುತ್ತದೆ. ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಮೋಟಾರ್. ಬೆಂಕಿ ಬಿದ್ದ ಹೊತ್ತಿನಲ್ಲಿ ಓಡುವ ಪಂಪಿನ ಲೆಕ್ಕ ತಲೆಕೆಳಗು. ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಎಂಟನೆಯ ಮಹಡಿಯಲ್ಲಿ ಸಿಕ್ಕಿಬಿದ್ದವರನ್ನು. ಮೋಟಾರ್ ಸುಟ್ಟು ಕರಕಲಾಗುವ ಮುನ್ನ ಇನ್ನರ್ಧ ಗಂಟೆ ನೀರು ಕೊಟ್ಟರೆ ಆ ಮೋಟಾರ್ ತನ್ನ ಕೆಲಸ ಮಾಡಿತು. ಕೆಳಗೆ ಬರುವ ಪ್ರತಿಯೊಂದು ನಿಯಮವನ್ನೂ ಈ ಕಣ್ಣಿನಿಂದ ನೋಡಿದರೆ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ಯಾವ ನಿಯಮಗಳು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿದ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೆಯ ಭಾಗ ಬೆಂಕಿ ಸುರಕ್ಷತೆಗೆ ಮೀಸಲು. ರೂಢಿಯಲ್ಲಿ ಅದನ್ನು ಎನ್‌ಬಿಸಿ ಎನ್ನುತ್ತಾರೆ. ಅದು ತಾನಾಗಿ ಕಾನೂನಲ್ಲ. ರಾಜ್ಯದ ಮತ್ತು ನಗರದ ಕಟ್ಟಡ ನಿಯಮಗಳು ಅದನ್ನು ಅಳವಡಿಸಿಕೊಂಡಾಗ ಕಡ್ಡಾಯವಾಗುತ್ತದೆ. ಐಎಸ್ ಎಂದು ಶುರುವಾಗುವ ಭಾರತೀಯ ಮಾನಕಗಳಲ್ಲಿ ಪಂಪಿನ ಅಳವಡಿಕೆ, ನಿರ್ವಹಣೆಗೆ ಐಎಸ್ 15301, ಪಂಪಿಗೆ ಐಎಸ್ 12469, ಅರ್ಥಿಂಗಿಗೆ ಐಎಸ್ 3043, ಒಟ್ಟಾರೆ ವೈರಿಂಗಿಗೆ ಐಎಸ್ 732 ಇವೆ. ಇವುಗಳ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳು ಕಾನೂನಿನ ಬಲದಿಂದ ಕೂತಿವೆ. ಕಟ್ಟಡಕ್ಕೆ ವಿಮೆ ಇದ್ದರೆ ವಿಮಾ ಕಂಪನಿಗಳು ಇಂದಿಗೂ ಟ್ಯಾರಿಫ್ ಅಡ್ವೈಸರಿ ಕಮಿಟಿಯ ಕೈಪಿಡಿಯ ಮಾತನ್ನು ಎತ್ತುತ್ತವೆ. ಬಹುರಾಷ್ಟ್ರೀಯ ಕಂಪನಿಗಳ ಕಚೇರಿ ಕಟ್ಟಡಗಳಲ್ಲಿ ಅಮೆರಿಕದ ವಿದ್ಯುತ್ ಸಂಹಿತೆಯ 695ನೆಯ ವಿಧಿ ಮತ್ತು ಎನ್‌ಎಫ್‌ಪಿಎ 20 ಎಂಬ ಅಗ್ನಿಶಾಮಕ ಪಂಪಿನ ಮಾನದಂಡವನ್ನೂ ಕೇಳುತ್ತಾರೆ. ನಮ್ಮ ಸಂಹಿತೆ ಮೌನವಾಗಿರುವ ಕಡೆ ಅಮೆರಿಕದವರ ಅಂಕಿಗಳು ಒಳ್ಳೆಯ ಅಳತೆಗೋಲು, ಹಾಗಾಗಿ ನಾನೂ ಅಲ್ಲಲ್ಲಿ ಬಳಸಿದ್ದೇನೆ.

ಒಂದು ಎಚ್ಚರಿಕೆ. ಇದನ್ನು ಓದಿ ಪ್ಯಾನೆಲ್ ತೆರೆಯಲು ಹೋಗಬೇಡಿ. ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ, ಅರ್ಹ ಮೇಲ್ವಿಚಾರಕರ ಕಣ್ಣೆದುರಿನಲ್ಲಿ ಮಾಡಬೇಕು. ನಕ್ಷೆಗೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಬೇಕು. ನೀವು ಸಂಘದವರಾಗಿದ್ದರೆ ಏನನ್ನು ಕೇಳಬೇಕು, ಏನನ್ನು ನೋಡಬೇಕು ಎಂದು ತಿಳಿಯಲು ಈ ಬರಹ.

ಶುರುವಿಗೆ ಮುನ್ನ ಕೈಯಲ್ಲಿರಬೇಕಾದವು: ಪಂಪ್ ತಯಾರಕರು ಕೊಟ್ಟ ಕಾರ್ಯನಿರ್ವಹಣಾ ರೇಖೆ (ಎಷ್ಟು ಹರಿವಿಗೆ ಎಷ್ಟು ಒತ್ತಡ, ಎಷ್ಟು ಶಕ್ತಿ ಎಂದು ತೋರಿಸುವ ಗ್ರಾಫ್), ಮೋಟಾರಿನ ನಾಮಫಲಕದ ಫೋಟೋ, ಟ್ರಾನ್ಸ್‌ಫಾರ್ಮರ್ ಮತ್ತು ಜನರೇಟರುಗಳ ಸಾಮರ್ಥ್ಯ, ಮುಖ್ಯ ಪ್ಯಾನೆಲಿನಿಂದ ಪಂಪ್ ಕೋಣೆಗೆ ಕೇಬಲ್ ಹಾಯುವ ದಾರಿಯ ನಿಜವಾದ ಉದ್ದ. ಕೊನೆಯದನ್ನು ನಕ್ಷೆಯಲ್ಲಿ ಅಳೆಯಬೇಡಿ, ಟೇಪ್ ಹಿಡಿದು ನಡೆದು ಅಳೆಯಿರಿ. ಕೇಬಲ್ ಗೋಡೆ ಹತ್ತುತ್ತದೆ, ತಿರುಗುತ್ತದೆ, ಇಳಿಯುತ್ತದೆ; ನಕ್ಷೆಯ 100 ಮೀಟರ್ ನೆಲದ ಮೇಲೆ 150 ಆಗುವುದು ಮಾಮೂಲು.

ಹಂತ 1: ಫೀಡರ್ ಎಲ್ಲಿಂದ ಹೊರಡಬೇಕು?

ಫೀಡರ್ ಎಂದರೆ ಮುಖ್ಯ ಪ್ಯಾನೆಲಿನಿಂದ ಒಂದು ಕೆಲಸಕ್ಕಾಗಿಯೇ ಹೊರಡುವ ದೊಡ್ಡ ಕೇಬಲ್ ಮಾರ್ಗ. ಅಗ್ನಿಶಾಮಕ ಪಂಪಿನ ಸರ್ಕ್ಯೂಟ್ ಮುಖ್ಯ ಸ್ವಿಚ್‌ಗೇರ್ ಪ್ಯಾನೆಲಿನಿಂದ ನೇರವಾಗಿ, ಪ್ರತ್ಯೇಕವಾಗಿ ಹೊರಡಬೇಕು, ಬೇರೆ ಸರ್ಕ್ಯೂಟುಗಳ ಜೊತೆ ಒಂದೇ ಪೈಪಿನಲ್ಲಿ ಹೋಗಬಾರದು ಎಂದು ಎನ್‌ಬಿಸಿ ಹೇಳುತ್ತದೆ. ಲಿಫ್ಟ್, ಮೆಟ್ಟಿಲುದಾರಿಯ ದೀಪ, ಮೆಟ್ಟಿಲುದಾರಿಗೆ ಹೊಗೆ ನುಗ್ಗದಂತೆ ಗಾಳಿಯ ಒತ್ತಡ ತುಂಬುವ ಬ್ಲೋವರುಗಳಿಗೂ ಇದೇ ಮಾತು. ಒಂದು ಸುಟ್ಟರೆ ಇನ್ನೊಂದು ಬದುಕಿರಬೇಕು. ವಿಮೆಯವರ ಕೈಪಿಡಿ ಇನ್ನೂ ಕಟ್ಟುನಿಟ್ಟು: ದಾರಿಯಲ್ಲಿ ಎಲ್ಲಿಯೂ ಕವಲೊಡೆಯದ ನೇರ ಫೀಡರ್ ಬೇಕು.

ಈಗ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದು ಪ್ರಶ್ನೆ ಕೇಳಿ. ಬೆಂಕಿ ಬಿದ್ದ ಕಟ್ಟಡಕ್ಕೆ ಅಗ್ನಿಶಾಮಕ ಸಿಬ್ಬಂದಿ ಬಂದಾಗ ಮೊದಲು ಮಾಡುವ ಕೆಲಸಗಳಲ್ಲೊಂದು ಕಟ್ಟಡದ ವಿದ್ಯುತ್ ಕಡಿಯುವುದು. 15 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಅದಕ್ಕಾಗಿಯೇ ಕೈಗೆಟುಕುವ ಎತ್ತರದಲ್ಲಿ ಒಂದು ಸ್ವಿಚ್ ಇರಬೇಕೆಂದು ಸುರಕ್ಷತಾ ನಿಯಮ ಹೇಳುತ್ತದೆ. ಅವರು ಮನೆಗಳ ವಿದ್ಯುತ್ ಕಡಿದಾಗ ಪಂಪ್ ಓಡುತ್ತಿರುತ್ತದೆಯೇ? "ಇಲ್ಲ, ಎಲ್ಲವೂ ಒಂದೇ ಬ್ರೇಕರಿನ ಕೆಳಗಿದೆ" ಎಂಬ ಉತ್ತರ ಬಂದರೆ ನಕ್ಷೆಯನ್ನು ಮಡಚಿ ಗುತ್ತಿಗೆದಾರರಿಗೆ ಹಿಂದಿರುಗಿಸಿ. ನೀರು ಹಾಯಿಸಲು ಬಂದವರ ಕೈಯಿಂದಲೇ ನೀರು ನಿಲ್ಲಿಸುವ ವ್ಯವಸ್ಥೆ ಅದು. ಮುಖ್ಯ ಸ್ವಿಚ್ ಬಂದ್ ಆದರೂ ಪಂಪಿಗೆ ಯಾವ ಮೂಲದಿಂದ ವಿದ್ಯುತ್ ಬರುತ್ತದೆ ಎಂಬುದನ್ನು ನಕ್ಷೆಯ ಮೇಲೆಯೇ ಬರೆಸಿ, ಪರಿವೀಕ್ಷಕರ ಒಪ್ಪಿಗೆ ಪಡೆಯಿರಿ.

ಹಳೆಯ ಕಟ್ಟಡಗಳಲ್ಲಿ ನಾನು ಪದೇ ಪದೇ ನೋಡುವ ತಪ್ಪು ಇನ್ನೊಂದಿದೆ. ಫೈರ್ ಪಂಪಿನ ಪ್ಯಾನೆಲಿನಲ್ಲಿ ಜಾಗ ಖಾಲಿ ಇದೆಯೆಂದು ಯಾರೋ ಈಜುಕೊಳದ ಮೋಟಾರಿಗೋ ಎಲೆಕ್ಟ್ರಿಕ್ ಕಾರಿನ ಚಾರ್ಜರಿಗೋ ಅಲ್ಲಿಂದ ಲೈನ್ ಎಳೆದಿರುತ್ತಾರೆ. ಆ ಚಾರ್ಜರಿನ ದೋಷಕ್ಕೆ ಪ್ಯಾನೆಲ್ ಟ್ರಿಪ್ ಆದರೆ ಪಂಪಿನ ಕಥೆ ಮುಗಿಯಿತು. ಆ ಪ್ಯಾನೆಲಿನಿಂದ ಬೇರೆ ಯಾವುದಕ್ಕೂ ಒಂದು ಎಳೆ ತಂತಿಯೂ ಹೋಗಕೂಡದು.

ಹಂತ 2: ಮೊದಲ ಬ್ರೇಕರ್, ಅದರಲ್ಲಿ ಇರಬಾರದ ಎರಡು ವಸ್ತುಗಳು

ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ, ನಿಧಾನವಾಗಿ ಓದಿ.

ಪಂಪಿನ ಸರ್ಕ್ಯೂಟ್ ಹೊರಡುವ ಜಾಗದಲ್ಲಿ ಸ್ವಯಂಚಾಲಿತ ಬ್ರೇಕರ್ ಇರಬೇಕು, ಆದರೆ ಅದರ ನೋ-ವೋಲ್ಟ್ ಕಾಯಿಲ್ ತೆಗೆದಿರಬೇಕು ಎಂದು ಎನ್‌ಬಿಸಿ ಬರೆದಿದೆ. ನೋ-ವೋಲ್ಟ್ ಕಾಯಿಲ್ ಎಂದರೆ ವಿದ್ಯುತ್ ಹೋದ ಕ್ಷಣ ಬ್ರೇಕರನ್ನು ಬೀಳಿಸುವ ಸಣ್ಣ ಸುರುಳಿ. ಮರದ ಕಾರ್ಖಾನೆಯ ಗರಗಸಕ್ಕೆ ಅದು ವರ: ಕರೆಂಟ್ ಹೋಗಿ ಬಂದಾಗ ಗರಗಸ ತಾನಾಗಿ ತಿರುಗಿ ಯಾರದೋ ಬೆರಳು ಹೋಗುವುದನ್ನು ತಪ್ಪಿಸುತ್ತದೆ. ಪಂಪಿಗೆ ಅದೇ ಶಾಪ. ಗ್ರಿಡ್ ಹೋಗಿ ಜನರೇಟರ್ ಹತ್ತಿಕೊಳ್ಳುವ ಹತ್ತಾರು ಸೆಕೆಂಡುಗಳಲ್ಲಿ ಕಾಯಿಲ್ ಬ್ರೇಕರನ್ನು ಬೀಳಿಸುತ್ತದೆ. ಜನರೇಟರ್ ಬರುತ್ತದೆ, ಕಟ್ಟಡದ ದೀಪಗಳು ಬೆಳಗುತ್ತವೆ, ಪಂಪ್ ಮಾತ್ರ ಸತ್ತಿರುತ್ತದೆ. ಹೊಗೆ ತುಂಬಿದ ನೆಲಮಾಳಿಗೆಗೆ ಇಳಿದು ಬ್ರೇಕರ್ ಎತ್ತುವವರು ಯಾರು?

ಎರಡನೆಯದು ಓವರ್‌ಲೋಡ್ ರಕ್ಷಣೆ, ಅಂದರೆ ಹೊರೆ ಹೆಚ್ಚಾಗಿ ಬಿಸಿಯೇರಿದಾಗ ಬ್ರೇಕರನ್ನು ಬೀಳಿಸುವ ಭಾಗ. ವಿಮೆಯ ಕೈಪಿಡಿಯ ಪ್ರಕಾರ ಮೂಲದ ಸ್ವಿಚ್ಚಿನಲ್ಲಿ ನೋ-ವೋಲ್ಟ್ ಜೊತೆಗೆ ಓವರ್‌ಲೋಡ್ ಕೂಡ ಇರಬಾರದು. ಶಾರ್ಟ್ ಸರ್ಕ್ಯೂಟ್ ಆದರೆ ಮಾತ್ರ ಬ್ರೇಕರ್ ಬೀಳಬೇಕು, ಏಕೆಂದರೆ ಆಗ ಪಂಪ್ ಹೇಗೂ ಓಡದು, ಜೊತೆಗೆ ಕೇಬಲ್ಲೇ ಹೊಸ ಬೆಂಕಿ ಹೊತ್ತಿಸಬಹುದು. ಅಮೆರಿಕದ ಸಂಹಿತೆ ಇದನ್ನೇ ಅಂಕಿಯಲ್ಲಿ ಹೇಳುತ್ತದೆ: ಪಂಪಿಗಿಂತ ಹಿಂದಿರುವ ಬ್ರೇಕರ್, ಮೋಟಾರ್ ಸಿಕ್ಕಿಹಾಕಿಕೊಂಡು ತಿರುಗದೆ ನಿಂತಾಗ ಎಳೆಯುವ ಪ್ರವಾಹವನ್ನು, ಅಂದರೆ ಮಾಮೂಲಿನ ಸುಮಾರು ಆರು ಪಟ್ಟನ್ನು, ಎಷ್ಟು ಹೊತ್ತಾದರೂ ಹೊರಬೇಕು. ಅಂಥ ಸ್ಥಿತಿಯನ್ನು ನೋಡಿಕೊಳ್ಳುವುದು ಪಂಪ್ ಕೋಣೆಯ ಕಂಟ್ರೋಲರಿನ, ಅಂದರೆ ಮೋಟಾರನ್ನು ಚಾಲೂ ಮಾಡಿ ನಿಲ್ಲಿಸುವ ಪ್ಯಾನೆಲಿನ, ಕೆಲಸ. ಅದು ಕೂಡ ಆತುರಪಡುವಂತಿಲ್ಲ: ಸಿಕ್ಕಿಬಿದ್ದ ಮೋಟಾರಿಗೆ 8ರಿಂದ 20 ಸೆಕೆಂಡು ಅವಕಾಶ ಕೊಟ್ಟೇ ಕಡಿಯಬೇಕು.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಂಸಿಸಿಬಿಯನ್ನು, ಅಂದರೆ ದೊಡ್ಡ ಪ್ರವಾಹದ ಅಚ್ಚು ಕವಚದ ಬ್ರೇಕರನ್ನು, ಹಾಗೇ ತಂದು ಹಾಕಿದರೆ ಅದರೊಳಗೆ ಓವರ್‌ಲೋಡಿನ ಬಿಸಿಗೆ ಬೀಳುವ ಈ ಭಾಗ ಇದ್ದೇ ಇರುತ್ತದೆ. ಶಾರ್ಟ್ ಸರ್ಕ್ಯೂಟಿಗೆ ಮಾತ್ರ ಬೀಳುವ ಮಾದರಿಯನ್ನು ಕೇಳಿ ತರಿಸಬೇಕು. ಕೊಟೇಷನ್‌ನಲ್ಲಿ ಬ್ರೇಕರಿನ ಆಂಪಿಯರ್ ಬರೆದು ಮಾದರಿ ಬರೆಯದ ಗುತ್ತಿಗೆದಾರರನ್ನು ಅಲ್ಲಿಯೇ ನಿಲ್ಲಿಸಿ ಕೇಳಿ.

ಇನ್ನು ನೆಲಸೋರಿಕೆ ರಕ್ಷಣೆ, ಅಂದರೆ ಪ್ರವಾಹ ಭೂಮಿಗೆ ಸೋರಿದರೆ ಸರ್ಕ್ಯೂಟ್ ಕಡಿಯುವ ಸಾಧನ. ನಮ್ಮ ಸುರಕ್ಷತಾ ನಿಯಮಗಳು ಸಾಮಾನ್ಯ ಅಳವಡಿಕೆಗೆ ಇದನ್ನು ಕೇಳುತ್ತವೆ. ಅಮೆರಿಕದ 695ನೆಯ ವಿಧಿ ಅಗ್ನಿಶಾಮಕ ಪಂಪಿನ ಸರ್ಕ್ಯೂಟಿನಲ್ಲಿ ಅಂಥದ್ದನ್ನು ಖಡಾಖಂಡಿತವಾಗಿ ನಿಷೇಧಿಸುತ್ತದೆ. ತೇವ ಹಿಡಿದ ಪಂಪ್ ಕೋಣೆಯಲ್ಲಿ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ ಎಂಬುದು ಅನುಭವದ ಮಾತು. ನನ್ನ ಸಲಹೆ: ಸೋರಿಕೆಯನ್ನು ಗುರುತಿಸಿ ಗಂಟೆ ಬಾರಿಸುವ, ಆದರೆ ಬ್ರೇಕರ್ ಬೀಳಿಸದ ವ್ಯವಸ್ಥೆಯನ್ನು ನಕ್ಷೆಯ ಹಂತದಲ್ಲೇ ಪರಿವೀಕ್ಷಕರ ಮುಂದಿಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಕೆಲಸ ಮುಗಿದ ಮೇಲೆ ಈ ಚರ್ಚೆ ತೆಗೆದರೆ ಇಬ್ಬರಿಗೂ ಕಷ್ಟ.

ಹಂತ 3: ಕೇಬಲ್ ದಪ್ಪದ ಲೆಕ್ಕ

ಉದಾಹರಣೆಗೆ ನಿಮಿಷಕ್ಕೆ 2280 ಲೀಟರ್ ಎತ್ತುವ ಪಂಪನ್ನು ತೆಗೆದುಕೊಳ್ಳೋಣ. ನಮ್ಮ ಬಹುಮಹಡಿ ಕಟ್ಟಡಗಳಲ್ಲಿ ಇದು ತೀರಾ ಪರಿಚಿತ ಅಳತೆ. 90 ಮೀಟರ್ ಎತ್ತರಕ್ಕೆ ಅಷ್ಟು ನೀರು ತಳ್ಳಲು ಸುಮಾರು 55 ಕಿಲೋವಾಟಿನ, ಅಂದರೆ 75 ಎಚ್‌ಪಿ ಮೋಟಾರ್ ಬೇಕಾಗುತ್ತದೆ. 415 ವೋಲ್ಟಿನಲ್ಲಿ ಅದರ ಪೂರ್ಣ ಹೊರೆಯ ಪ್ರವಾಹ ಸುಮಾರು 95 ಆಂಪಿಯರ್.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಅಗ್ನಿಶಾಮಕ ಪಂಪ್ ತನ್ನ ನಿಗದಿತ ಹರಿವಿನ ಒಂದೂವರೆ ಪಟ್ಟು ನೀರನ್ನು, ನಿಗದಿತ ಒತ್ತಡದ ಕನಿಷ್ಠ 65 ಶೇಕಡಾದಲ್ಲಿ, ಕೊಡಲೇಬೇಕು. ಆ ಹರಿವಿನಲ್ಲಿ ಮೋಟಾರ್ ಎಳೆಯುವ ಶಕ್ತಿ ಹೆಚ್ಚು. ಆದ್ದರಿಂದ ಮೋಟಾರನ್ನು ಆರಿಸಬೇಕಾದದ್ದು ಆ ತುದಿಯ ಲೆಕ್ಕಕ್ಕೆ. ಪಂಪಿನ ರೇಖೆಯನ್ನು ಕೈಯಲ್ಲಿಟ್ಟುಕೊಳ್ಳಿ ಎಂದು ಹೇಳಿದ್ದು ಇದಕ್ಕೇ.

ಕೇಬಲಿಗೆ ಎರಡು ಪರೀಕ್ಷೆಗಳಿವೆ. ಮೊದಲನೆಯದು ಬಿಸಿಯದು: ಪೂರ್ಣ ಪ್ರವಾಹದ 125 ಶೇಕಡಾ ಹೊರಬೇಕು, ನಮ್ಮ ಉದಾಹರಣೆಯಲ್ಲಿ ಸುಮಾರು 119 ಆಂಪಿಯರ್. ಎರಡನೆಯದು ವೋಲ್ಟೇಜ್ ಇಳಿಕೆಯದು: ದೂರ ಹೋದಷ್ಟೂ ಕೇಬಲ್ ತಾನೇ ಒಂದಿಷ್ಟು ವೋಲ್ಟೇಜ್ ನುಂಗುತ್ತದೆ. ಅಮೆರಿಕದ ಮಿತಿ ಹೀಗಿದೆ: ಮೋಟಾರ್ ಹೊರಡುವಾಗ ಕಂಟ್ರೋಲರಿನಲ್ಲಿ 15 ಶೇಕಡಾಕ್ಕಿಂತ ಹೆಚ್ಚು ಇಳಿಯಬಾರದು, 115 ಶೇಕಡಾ ಹೊರೆಯಲ್ಲಿ ಓಡುವಾಗ ಮೋಟಾರಿನ ಬಳಿ 5 ಶೇಕಡಾಕ್ಕಿಂತ ಹೆಚ್ಚು ಇಳಿಯಬಾರದು.

150 ಮೀಟರ್ ದೂರಕ್ಕೆ 35 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ ಹಾಕಿದರೆ 95 ಆಂಪಿಯರಿನಲ್ಲೇ ಸುಮಾರು 25 ವೋಲ್ಟ್, ಅಂದರೆ 6 ಶೇಕಡಾ ಹೋಗುತ್ತದೆ. ನೇರವಾಗಿ ಚಾಲೂ ಮಾಡುವಾಗ ಪ್ರವಾಹ ಆರು ಪಟ್ಟು, ಸುಮಾರು 570 ಆಂಪಿಯರ್. ಆಗ ಇಳಿಕೆ 60 ವೋಲ್ಟಿನ ಹತ್ತಿರ ಬಂದು 15 ಶೇಕಡಾದ ಅಂಚಿಗೆ ತಾಗುತ್ತದೆ. ಟ್ರಾನ್ಸ್‌ಫಾರ್ಮರಿನದು ಇನ್ನೂ ಸೇರಿಲ್ಲ. 70 ಚದರ ಮಿಲಿಮೀಟರಿನ ಕೇಬಲ್ ಹಾಕಿದರೆ ಓಡುವಾಗ ಸುಮಾರು 13 ವೋಲ್ಟ್, ಹೊರಡುವಾಗ 36 ವೋಲ್ಟ್. ಉಸಿರಾಡಲು ಜಾಗ ಇದೆ. ಇವು ಅಂದಾಜಿನ ಅಂಕಿಗಳು, ನಿಮ್ಮ ಕಟ್ಟಡಕ್ಕೆ ನಿಮ್ಮ ಎಂಜಿನಿಯರ್ ಲೆಕ್ಕ ಹಾಕಬೇಕು. ಆದರೆ ಅವರು ಕೊಟ್ಟ ಹಾಳೆಯಲ್ಲಿ ಹೊರಡುವಾಗಿನ ಇಳಿಕೆ ಎಂಬ ಸಾಲೇ ಇಲ್ಲದಿದ್ದರೆ ಲೆಕ್ಕ ಅರ್ಧ ಮಾತ್ರ ಆಗಿದೆ ಎಂದರ್ಥ.

ಹಂತ 4: ಕೇಬಲಿನ ದಾರಿ, ಕೇಬಲಿನ ಜಾತಿ

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲುಗಳ ಡಕ್ಟಿನಲ್ಲಿ, ಅಂದರೆ ಕೇಬಲುಗಳು ಮಹಡಿಯಿಂದ ಮಹಡಿಗೆ ಹಾಯುವ ಶಾಫ್ಟಿನಲ್ಲಿ. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಕೇಬಲಿನ ಶಾಫ್ಟ್ ಎಂದರೆ ಒಲೆಗೆ ಇಟ್ಟ ಹೊಗೆಗೂಡು ಇದ್ದಂತೆ. ಹಾಗಾಗಿಯೇ ಪ್ರತಿ ಮಹಡಿಯಲ್ಲೂ ಶಾಫ್ಟನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು, ಆ ಮುಚ್ಚಳ ಅಲ್ಲಿನ ನೆಲದಷ್ಟೇ ಹೊತ್ತು ಬೆಂಕಿಗೆ ತಡೆಯಬೇಕು. ನೀರಿನ ಪೈಪು, ಗ್ಯಾಸ್ ಪೈಪು, ಟೆಲಿಫೋನ್ ತಂತಿ, ಇಂಟರ್ನೆಟ್ ಕೇಬಲ್ ಯಾವುದೂ ವಿದ್ಯುತ್ ಡಕ್ಟಿನೊಳಗೆ ಇರಬಾರದು. ಮುಚ್ಚಿದ್ದನ್ನು ಇಂಟರ್ನೆಟ್ ಹುಡುಗರು ಒಡೆದು ತಂತಿ ಎಳೆದು ಹಾಗೇ ಬಿಟ್ಟು ಹೋಗುತ್ತಾರೆ. ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ಪ್ರತಿ ಮಹಡಿಯ ಶಾಫ್ಟಿನ ಬಾಗಿಲು ತೆರೆದು ನೋಡಿ.

ಪಂಪಿನ ಫೀಡರಿಗೆ ಸಾಧ್ಯವಾದಷ್ಟು ನೆಲದಡಿಯ, ಉಕ್ಕಿನ ತಂತಿಯ ಕವಚವಿರುವ ಆರ್ಮರ್ಡ್ ಕೇಬಲ್ ಒಳ್ಳೆಯದು. ಕಟ್ಟಡದ ಅಡಿಯಿಂದ ಹಾಯದ ದಾರಿ ಇನ್ನೂ ಒಳ್ಳೆಯದು. ಬೇರೆ ದಾರಿಯೇ ಇಲ್ಲದೆ ಹೊರಗೋಡೆಯ ಮೇಲೆ ಒಯ್ಯಬೇಕಾದರೆ ಬಾಗಿಲು, ಕಿಟಕಿಗಳಿಂದ 2 ಮೀಟರ್ ದೂರ ಇರಲಿ ಎನ್ನುತ್ತದೆ ವಿಮೆಯ ಕೈಪಿಡಿ. ಕಿಟಕಿಯಿಂದ ಹೊರಚಾಚುವ ಜ್ವಾಲೆ, ಕಳಚಿ ಬೀಳುವ ಸಜ್ಜಾ, ಎರಡಕ್ಕೂ ಅದು ಉತ್ತರ.

ಇನ್ನು ಕೇಬಲಿನ ಜಾತಿ. "ಎಫ್‌ಆರ್‌ಎಲ್‌ಎಸ್ ಹಾಕಿದ್ದೇವೆ ಸರ್, ಬೆಂಕಿಗೆ ಏನೂ ಆಗುವುದಿಲ್ಲ" ಎನ್ನುವ ಗುತ್ತಿಗೆದಾರರು ಬಹಳ. ತಪ್ಪು ತಿಳಿವಳಿಕೆ. ಎಫ್‌ಆರ್‌ಎಲ್‌ಎಸ್ ಕೇಬಲ್ ಬೆಂಕಿಯನ್ನು ಬೇಗ ಹರಡುವುದಿಲ್ಲ, ಹೊಗೆ ಕಡಿಮೆ ಬಿಡುತ್ತದೆ, ಅಷ್ಟೇ. ಬೆಂಕಿಯಲ್ಲಿ ಅದೂ ಸಾಯುತ್ತದೆ. ಉರಿಯುತ್ತಿರುವಾಗಲೂ ವಿದ್ಯುತ್ ಸಾಗಿಸುವ ಕೇಬಲ್ ಬೇರೆಯೇ ಇದೆ, ಅದಕ್ಕೆ ಫೈರ್ ಸರ್ವೈವಲ್ ಕೇಬಲ್ ಎನ್ನುತ್ತಾರೆ. ಅದರ ತಾಮ್ರದ ಎಳೆಗೆ ಅಭ್ರಕದ, ಅಂದರೆ ನಮ್ಮ ಹಳ್ಳಿಯವರು ಕಾಗೆಬಂಗಾರ ಎನ್ನುವ ಖನಿಜದ, ಪಟ್ಟಿ ಸುತ್ತಿರುತ್ತದೆ. ಮೇಲಿನ ಹೊದಿಕೆ ಸುಟ್ಟು ಬೂದಿಯಾದರೂ ಅಭ್ರಕ ಎಳೆಗಳನ್ನು ಬೇರ್ಪಡಿಸಿಯೇ ಇಡುತ್ತದೆ. ಇದಕ್ಕೆ ಭಾರತೀಯ ಮಾನಕ ಐಎಸ್ 17505. ಬ್ರಿಟಿಷ್ ಮಾನಕ ಬಿಎಸ್ 6387ರ ಸಿ ವರ್ಗದ ಪರೀಕ್ಷೆಯಲ್ಲಿ 950 ಡಿಗ್ರಿ ಬಿಸಿಯಲ್ಲಿ ಮೂರು ಗಂಟೆ ತಾಳಬೇಕು. ಬೆಲೆ ದುಬಾರಿ, ಒಪ್ಪುತ್ತೇನೆ. ನೆಲದಡಿಯ ಭಾಗಕ್ಕೆ ಅದು ಬೇಕಿಲ್ಲ. ಆದರೆ ಕೇಬಲ್ ಕಟ್ಟಡದೊಳಗೆ, ಕಾರುಗಳು ನಿಲ್ಲುವ ನೆಲಮಾಳಿಗೆಯ ಚಾವಣಿಯಡಿ ಹಾಯ್ದರೆ ಅಲ್ಲಿ ಉಳಿತಾಯ ಮಾಡಬೇಡಿ. ಅಮೆರಿಕದವರು ಕಟ್ಟಡದೊಳಗಿನ ಭಾಗಕ್ಕೆ 2 ಗಂಟೆಯ ರಕ್ಷಣೆ ಕೇಳುತ್ತಾರೆ. 50 ಮಿಲಿಮೀಟರ್ ಕಾಂಕ್ರೀಟಿನೊಳಗೆ ಹುದುಗಿಸಿದರೂ ಒಪ್ಪುತ್ತಾರೆ. ಬಜೆಟ್ ಬಿಗಿಯಾಗಿದ್ದರೆ ಆ ದಾರಿಯನ್ನೂ ಲೆಕ್ಕ ಹಾಕಿ ನೋಡಿ.

ದುಬಾರಿ ಕೇಬಲ್ ತಂದು ಪ್ಲಾಸ್ಟಿಕ್ ಟೈ ಕಟ್ಟಿ ಟ್ರೇಗೆ ಬಿಗಿದದ್ದನ್ನೂ ನೋಡಿದ್ದೇನೆ. ಬೆಂಕಿಗೆ ಮೊದಲು ಕರಗುವುದು ಟೈ. ಉಕ್ಕಿನ ಕ್ಲಾಂಪ್ ಹಾಕಿಸಿ.

ಹಂತ 5: ಜನರೇಟರ್

ಪಂಪಿಗೆ ಮಾಮೂಲಿ ಮೂಲವೂ ಬೇಕು, ತುರ್ತು ಮೂಲವೂ ಬೇಕು, ನಡುವೆ ಬದಲಾವಣೆಯ ವ್ಯವಸ್ಥೆಯೂ ಬೇಕು. ಅಗ್ನಿ ಸುರಕ್ಷತೆಯ ಎಲ್ಲ ಯಂತ್ರಗಳ ಚಾಲನಾ ಪ್ರವಾಹವನ್ನು ಜನರೇಟರ್ ಹೊರಬೇಕು ಎಂದು ಎನ್‌ಬಿಸಿ ಸ್ಪಷ್ಟವಾಗಿ ಬರೆದಿದೆ. ಇಲ್ಲಿ "ಚಾಲನಾ" ಎಂಬ ಪದದ ಮೇಲೆ ಬೆರಳಿಡಿ. ನಮ್ಮ 55 ಕಿಲೋವಾಟ್ ಮೋಟಾರನ್ನು ನೇರವಾಗಿ ಚಾಲೂ ಮಾಡಿದರೆ ಆ ಕ್ಷಣಕ್ಕೆ ಸುಮಾರು 410 ಕೆವಿಎ ಎಳೆಯುತ್ತದೆ. 250 ಕೆವಿಎ ಜನರೇಟರ್ ಮೊಣಕಾಲೂರುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಕಾಂಟ್ಯಾಕ್ಟರುಗಳು, ಅಂದರೆ ಮೋಟಾರನ್ನು ಲೈನಿಗೆ ಜೋಡಿಸುವ ವಿದ್ಯುತ್ಕಾಂತದ ಸ್ವಿಚ್ಚುಗಳು, ಪಟಪಟನೆ ಬಿಟ್ಟುಕೊಳ್ಳುತ್ತವೆ. ಸಾಫ್ಟ್ ಸ್ಟಾರ್ಟರ್, ಅಂದರೆ ಮೋಟಾರನ್ನು ಮೆಲ್ಲಗೆ ಹೊರಡಿಸುವ ಎಲೆಕ್ಟ್ರಾನಿಕ್ ಸಾಧನ, ಇದ್ದು ಪ್ರವಾಹವನ್ನು ಮೂರು ಪಟ್ಟಿಗೆ ಹಿಡಿದರೆ ಬೇಡಿಕೆ ಅರ್ಧಕ್ಕೆ ಇಳಿಯುತ್ತದೆ.

ಜನರೇಟರ್ ಮೇಲೆ ಈಗಾಗಲೇ ಮನೆಗಳ ಹೊರೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಫೈರ್ ಅಲಾರಂ ಬಂದ ಕೂಡಲೇ ಮನೆಗಳ ಫೀಡರುಗಳನ್ನು ಕಳಚಿ ಪಂಪ್, ಬ್ಲೋವರ್, ಅಗ್ನಿಶಾಮಕ ಲಿಫ್ಟಿಗೆ ದಾರಿ ಬಿಡುವ ವ್ಯವಸ್ಥೆ ಇರಲಿ. ಅವು ಒಟ್ಟಿಗೆ ಹೊರಡದಂತೆ ಕೆಲವು ಸೆಕೆಂಡುಗಳ ಅಂತರವೂ ಇರಲಿ. ಪಂಪಿನ ಬದಲಾವಣೆ ಸ್ವಿಚ್ ಕೈಯಿಂದ ತಿರುಗಿಸುವಂಥದ್ದಾಗಿದ್ದರೆ ಅದನ್ನು ಸ್ವಯಂಚಾಲಿತಕ್ಕೆ ಬದಲಿಸುವುದೇ ಈ ವರ್ಷದ ಮೊದಲ ಖರ್ಚಾಗಲಿ.

ಹಂತ 6: ಪಂಪ್ ಕೋಣೆ ಮತ್ತು ಪ್ಯಾನೆಲ್

ಕೋಣೆ ನೆಲಮಟ್ಟದಲ್ಲಿದ್ದರೆ ಉತ್ತಮ, ಎರಡನೆಯ ನೆಲಮಾಳಿಗೆಗಿಂತ ಕೆಳಗೆ ಇರಲೇಬಾರದು. ನೆಲಮಾಳಿಗೆಯಲ್ಲಿದ್ದರೆ ಹೊರಗಿನಿಂದ ನೇರ ಮೆಟ್ಟಿಲು ಬೇಕು; ಸುತ್ತ ಬೆಂಕಿ ತಡೆಯುವ ಗೋಡೆ, 120 ನಿಮಿಷ ತಾಳುವ ಬಾಗಿಲು ಬೇಕು. ಬೇರೆ ಯಾವ ಯಂತ್ರವನ್ನೂ ಅಲ್ಲಿ ಇಡುವಂತಿಲ್ಲ. ಪೇಂಟ್ ಡಬ್ಬಿ, ಗಣೇಶೋತ್ಸವದ ಶಾಮಿಯಾನದ ಬಟ್ಟೆಯನ್ನೂ ಸಹ.

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಸುತ್ತ ನೆಲಮಾಳಿಗೆಗಳು ಕೆರೆಯಾದದ್ದನ್ನು ಎಲ್ಲರೂ ನೋಡಿದ್ದೇವೆ. ಪ್ಯಾನೆಲನ್ನು ನೆಲದ ಮೇಲೆ ಇಡದೆ ಎತ್ತರದ ಕಾಂಕ್ರೀಟ್ ಪೀಠದ ಮೇಲೆ ಕೂರಿಸಿ. ಕೇಬಲನ್ನು ಪ್ಯಾನೆಲಿನ ತಲೆಯ ಮೇಲಿನಿಂದ ಇಳಿಸಿದರೆ ಪೈಪಿನ ಸೋರಿಕೆ ಕೇಬಲ್ ಜಾಡು ಹಿಡಿದು ಒಳಗೆ ಇಳಿಯುತ್ತದೆ. ತಳದಿಂದ, ಸರಿಯಾದ ಗ್ಲ್ಯಾಂಡ್ ಹಾಕಿ ಒಳಗೆ ಬರಲಿ. ಗ್ಲ್ಯಾಂಡ್ ಎಂದರೆ ಕೇಬಲ್ ಪೆಟ್ಟಿಗೆಯನ್ನು ಹೊಕ್ಕುವ ಕಡೆ ಅದನ್ನು ಬಿಗಿಹಿಡಿದು ಸಂದು ಮುಚ್ಚುವ ಲೋಹದ ಬಿರಡೆ. ಮಳೆಗಾಲದ ತೇವ ಮೋಟಾರಿನ ಸುರುಳಿಯೊಳಗೆ ಕೂರದಂತೆ ಅದನ್ನು ಸದಾ ಬೆಚ್ಚಗಿಡುವ ಸಣ್ಣ ಹೀಟರನ್ನು ವಿಮೆಯವರ ಕೈಪಿಡಿ ಕೇಳುತ್ತದೆ. ಮಲೆನಾಡು, ಕರಾವಳಿಯ ಓದುಗರು ಇದನ್ನು ಬಿಡಲೇಬಾರದು. ಹೀಟರಿನ ಸಂಪರ್ಕ ದೀಪದ ಸರ್ಕ್ಯೂಟಿನಿಂದ ಬರಬೇಕು, ಪಂಪಿನ ಫೀಡರಿನಿಂದ ಅಲ್ಲ.

ಸ್ಟಾರ್ಟರ್ ಬಗ್ಗೆ ಎರಡು ಮಾತು. ವಿಮೆಯವರ ಹಳೆಯ ಒಲವು ನೇರ ಚಾಲನೆಯ ಕಡೆಗೆ. ಎನ್‌ಬಿಸಿ 2016 ಸಾಫ್ಟ್ ಸ್ಟಾರ್ಟರ್ ಅಥವಾ ವೇಗ ನಿಯಂತ್ರಿಸುವ ಡ್ರೈವ್ ಬೇಕೆನ್ನುತ್ತದೆ. ಎರಡನ್ನೂ ಹೊಂದಿಸುವ ದಾರಿ: ಸಾಫ್ಟ್ ಸ್ಟಾರ್ಟರ್ ಹಾಕಿ, ಅದರ ಎಲೆಕ್ಟ್ರಾನಿಕ್ಸ್ ಕೈಕೊಟ್ಟರೆ ಮೋಟಾರನ್ನು ನೇರವಾಗಿ ಚಾಲೂ ಮಾಡುವ ಬೈಪಾಸ್ ಕಾಂಟ್ಯಾಕ್ಟರನ್ನೂ ಹಾಕಿಸಿ, ಅದನ್ನು ಹೇಗೆ ಬಳಸಬೇಕೆಂದು ಪ್ಯಾನೆಲಿನ ಬಾಗಿಲ ಮೇಲೆ ಬರೆಸಿ. ಪೂರ್ಣ ಹೊರೆಯ ಪ್ರವಾಹಕ್ಕೆ ಕೆಂಪು ಗುರುತು ಹಾಕಿದ ಆಮ್ಮೀಟರ್ ಎದ್ದು ಕಾಣುವಂತಿರಲಿ.

ಹಂತ 7: ನಿಯಂತ್ರಣದ ತಂತಿಗಳು

ಮೂರು ಪಂಪುಗಳಿರುತ್ತವೆ. ಪೈಪಿನಲ್ಲಿ ಸಣ್ಣಪುಟ್ಟ ಸೋರಿಕೆಗೆ ಒತ್ತಡ ಇಳಿದರೆ ತುಂಬಿಕೊಡುವ ಪುಟ್ಟ ಜಾಕಿ ಪಂಪ್, ಮುಖ್ಯ ವಿದ್ಯುತ್ ಪಂಪ್, ಅದು ಕೈಕೊಟ್ಟರೆ ಡೀಸೆಲ್ ಪಂಪ್. ಪ್ರತಿಯೊಂದಕ್ಕೂ ಅದರದೇ ಒತ್ತಡದ ಸ್ವಿಚ್. ಉದಾಹರಣೆಗೆ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಒತ್ತಡ ಇದ್ದರೆ ಜಾಕಿ 6ಕ್ಕೆ ಹತ್ತಿ 7ಕ್ಕೆ ನಿಲ್ಲಲಿ, ಮುಖ್ಯ ಪಂಪ್ 5ಕ್ಕೆ, ಡೀಸೆಲ್ 4ಕ್ಕೆ ಹತ್ತಲಿ. ಜಾಕಿ ತಾನಾಗಿ ನಿಲ್ಲಬಹುದು. ಮುಖ್ಯ ಪಂಪ್ ಒಮ್ಮೆ ಹೊರಟರೆ ಮನುಷ್ಯ ಬಂದು ಒತ್ತಿದರೆ ಮಾತ್ರ ನಿಲ್ಲಬೇಕು.

ಸೆಲೆಕ್ಟರ್ ಸ್ವಿಚ್, ಅಂದರೆ ಆಟೋ, ಮ್ಯಾನುವಲ್, ಆಫ್ ಎಂಬ ಮೂರು ಸ್ಥಾನಗಳಿಗೆ ತಿರುಗಿಸುವ ಹಿಡಿ, ಸದಾ ಆಟೋದಲ್ಲಿರಬೇಕು. ಇದು ಎಲ್ಲರಿಗೂ ಗೊತ್ತು, ಆದರೂ ನಾನು ಹೋದ ಕಡೆಯಲ್ಲೆಲ್ಲ ಮೊದಲು ನೋಡುವುದು ಅದನ್ನೇ. ಪೈಪು ಸೋರಿ ಜಾಕಿ ಪದೇ ಪದೇ ಓಡುತ್ತದೆಂದು ಕಾವಲುಗಾರರು ಎಲ್ಲವನ್ನೂ ಆಫ್ ಮಾಡಿ ನೆಮ್ಮದಿಯಾಗಿ ಮಲಗಿರುತ್ತಾರೆ. ತಪ್ಪು ಅವರದಲ್ಲ, ಸೋರಿಕೆ ಸರಿಪಡಿಸದವರದು. ಮ್ಯಾನುವಲ್‌ನಲ್ಲಿ ಇನ್ನೊಂದು ತೊಡಕಿದೆ: ಗುಂಡಿ ಒತ್ತಿ ಚಾಲೂ ಮಾಡಿದ ಪಂಪ್ ಕರೆಂಟ್ ಹೋಗಿ ಬಂದರೆ ಮತ್ತೆ ಹತ್ತುವುದಿಲ್ಲ. ಆಟೋದಲ್ಲಿದ್ದರೆ ಒತ್ತಡ ಇನ್ನೂ ಕಡಿಮೆಯೇ ಇರುವುದರಿಂದ ತಾನಾಗಿ ಹತ್ತುತ್ತದೆ. ಆಟೋದಿಂದ ಕದಲಿದ ಕೂಡಲೇ ಕಾವಲು ಕೋಣೆಯಲ್ಲಿ ಗಂಟೆಯಾಗುವಂತೆ ಎರಡು ತಂತಿ ಎಳೆಸಿಬಿಡಿ. ಖರ್ಚು ತೀರಾ ಸಣ್ಣದು.

ಫೇಸ್ ಕಳೆದುಹೋದರೆ? ಎನ್‌ಎಫ್‌ಪಿಎ 20ರ ನಿಲುವು ನನಗೆ ಇಷ್ಟ. ನಿಂತ ಮೋಟಾರನ್ನು ಎರಡು ಫೇಸಿನಲ್ಲಿ ಹೊರಡಲು ಬಿಡಬೇಡಿ, ಅದು ಹೇಗೂ ತಿರುಗದು. ಓಡುತ್ತಿರುವ ಮೋಟಾರನ್ನು ಮಾತ್ರ ನಿಲ್ಲಿಸಬೇಡಿ, ಗಂಟೆ ಬಾರಿಸಿ ಸಾಕು. ಬೋರ್‌ವೆಲ್ ಪ್ಯಾನೆಲಿನ ಫೇಸ್ ರಕ್ಷಕವನ್ನು ಕಿತ್ತು ತಂದು ಇಲ್ಲಿ ಸೇರಿಸಿದರೆ ಅದು ತನ್ನ ಹಳೆಯ ಬುದ್ಧಿ ಬಿಡುವುದಿಲ್ಲ.

ಹಂತ 8: ಅರ್ಥಿಂಗ್ ಮತ್ತು ಡೀಸೆಲ್ ಪಂಪಿನ ಬ್ಯಾಟರಿ

ಮೋಟಾರಿನ ಚೌಕಟ್ಟಿಗೆ ಎರಡು ಪ್ರತ್ಯೇಕ ಅರ್ಥ್ ಪಟ್ಟಿಗಳು, ಎರಡೂ ಬೇರೆ ಬೇರೆ ಬೋಲ್ಟಿಗೆ. ಹೈಡ್ರಂಟ್ ಪೈಪನ್ನೇ, ಅಂದರೆ ಬೆಂಕಿ ನಂದಿಸುವ ನೀರಿನ ಪೈಪನ್ನೇ, ಅರ್ಥ್ ಮಾಡಿಕೊಂಡ ಜಾಣರೂ ಇದ್ದಾರೆ. ಪೈಪನ್ನು ಅರ್ಥಿಗೆ ಜೋಡಿಸಬೇಕು ನಿಜ, ಆದರೆ ಅದೇ ಅರ್ಥ್ ಅಲ್ಲ. ಡೀಸೆಲ್ ಎಂಜಿನ್ನಿನ ಬ್ಯಾಟರಿಗೆ ಪ್ರತ್ಯೇಕ ಚಾರ್ಜರ್ ಬೇಕು, ಅದಕ್ಕೆ ತುರ್ತು ಸರ್ಕ್ಯೂಟಿನಿಂದ ವಿದ್ಯುತ್ ಬರಬೇಕು. ಗೋಡೆಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದರೆ ಯಾರೋ ಮೊಬೈಲ್ ಹಾಕಲು ಅದನ್ನು ಕೀಳುತ್ತಾರೆ.

ಹಂತ 9: ಫಲಕಗಳು

ಅಗತ್ಯ ಸೇವೆಗಳ ಸ್ವಿಚ್ಚುಗಳಿಗೆ ಸ್ಪಷ್ಟ ಹೆಸರಿರಬೇಕು. ಕೆಂಪು ಹಿನ್ನೆಲೆ, ಬಿಳಿ ಅಕ್ಷರ, ಕನಿಷ್ಠ 25 ಮಿಲಿಮೀಟರ್ ಎತ್ತರ. ಕನ್ನಡದಲ್ಲಿಯೂ ಬರೆಸಿ, ಬಂದವರು ಓದುವ ಭಾಷೆ ಅದು. ಆದರೆ ಒಂದು ಕಡೆ "ಅಗ್ನಿಶಾಮಕ ಪಂಪ್, ಆರಿಸಬೇಡಿ" ಎಂದು ಬರೆಸಿದ್ದರು. ಬೆಂಕಿ ಆರಿಸಬೇಡಿ ಎಂದೋ, ಚುನಾವಣೆಯಲ್ಲಿ ಆರಿಸಬೇಡಿ ಎಂದೋ ಓದುವವರಿಗೆ ಬಿಟ್ಟದ್ದು. "ಈ ಸ್ವಿಚ್ ಬಂದ್ ಮಾಡಬೇಡಿ" ಎಂದಿದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಹಂತ 10: ಪರೀಕ್ಷೆ

ಗುತ್ತಿಗೆದಾರರ ಕೊನೆಯ ಕಂತಿನ ಹಣ ಕೊಡುವ ಮುನ್ನ ನಿಮ್ಮ ಎದುರಿಗೇ ಇವನ್ನು ಮಾಡಿಸಿ.

ಮೊದಲು ಮೆಗ್ಗರ್, ಅಂದರೆ ತಂತಿಯ ನಿರೋಧಕ ಹೊದಿಕೆ ಗಟ್ಟಿಯಿದೆಯೇ ಎಂದು ಅಳೆಯುವ ಉಪಕರಣ. 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಹೊಸ ಕೇಬಲ್ ಇದಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಅಳೆಯುವ ಮುನ್ನ ಸಾಫ್ಟ್ ಸ್ಟಾರ್ಟರನ್ನು ಕಳಚಿರಬೇಕು, ಇಲ್ಲದಿದ್ದರೆ ಅದರ ಎಲೆಕ್ಟ್ರಾನಿಕ್ಸ್ ಅಲ್ಲೇ ಸುಟ್ಟುಹೋಗುತ್ತದೆ.

ಬಳಿಕ ಗ್ರಿಡ್ ವಿದ್ಯುತ್ತಿನಲ್ಲಿ ಚಾಲೂ ಮಾಡಿ ತಿರುಗುವ ದಿಕ್ಕು ನೋಡಿ. ಮತ್ತೆ ಜನರೇಟರಿನಲ್ಲಿ ಚಾಲೂ ಮಾಡಿ ಇನ್ನೊಮ್ಮೆ ನೋಡಿ. ಈ ಎರಡನೆಯದನ್ನು ಹತ್ತಕ್ಕೆ ಒಂಬತ್ತು ಮಂದಿ ಬಿಡುತ್ತಾರೆ. ಜನರೇಟರ್ ದುರಸ್ತಿಯಲ್ಲಿ ಎರಡು ಫೇಸ್ ಅದಲುಬದಲಾದರೆ ಮೋಟಾರ್ ಜನರೇಟರಿನಲ್ಲಿ ಮಾತ್ರ ಹಿಮ್ಮುಖವಾಗಿ ತಿರುಗುತ್ತದೆ. ಸದ್ದು ಮಾಮೂಲಿನಂತೆಯೇ ಇರುತ್ತದೆ, ನೀರು ಮಾತ್ರ ಮೇಲೇರುವುದಿಲ್ಲ. ಜನರೇಟರಿಗೆ ಯಾರೇ ಕೈ ಹಾಕಿದರೂ ಮರುದಿನವೇ ಈ ಪರೀಕ್ಷೆ ಆಗಬೇಕು.

ಮುಂದೆ, ಪಂಪ್ ಆಟೋದಲ್ಲಿ ಓಡುತ್ತಿರುವಾಗಲೇ ಗ್ರಿಡ್ ಬ್ರೇಕರ್ ಇಳಿಸಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ. ಜನರೇಟರ್ ಹತ್ತಿ, ಯಾರೂ ಏನನ್ನೂ ಮುಟ್ಟದೆ ಪಂಪ್ ಮತ್ತೆ ಓಡಿದರೆ ಬ್ರೇಕರ್, ಬದಲಾವಣೆಯ ಸ್ವಿಚ್, ನಿಯಂತ್ರಣದ ತಂತಿಗಳು ಒಂದಕ್ಕೊಂದು ಹೊಂದಿ ಕೆಲಸ ಮಾಡುತ್ತಿವೆ. ಈ ಪರೀಕ್ಷೆ ಸಂಜೆ ಏಳಕ್ಕೆ, ಮನೆಗಳ ಹೊರೆ ಜನರೇಟರ್ ಮೇಲೆ ಪೂರ್ತಿ ಬೀಳುವ ಹೊತ್ತಿನಲ್ಲಿ ಆಗಲಿ. ಬೆಳಗಿನ ಹನ್ನೊಂದಕ್ಕೆ ಎಲ್ಲ ಜನರೇಟರುಗಳೂ ಒಳ್ಳೆಯವೇ.

ಕೊನೆಗೆ ಪರೀಕ್ಷಾ ಪೈಪಿನ ವಾಲ್ವ್ ತೆರೆದು ಒಂದೂವರೆ ಪಟ್ಟು ಹರಿವು ಬರುವವರೆಗೆ ಓಡಿಸಿ, ಮೂರೂ ಫೇಸಿನ ಆಂಪಿಯರನ್ನು ನಾಮಫಲಕಕ್ಕೆ ಹೋಲಿಸಿ. ಕೈ ಎಟುಕುವಲ್ಲಿ ಎಲ್ಲ ಲಗ್ಗುಗಳ, ಅಂದರೆ ಕೇಬಲ್ ತುದಿಯ ಲೋಹದ ಕೊಂಡಿಗಳ, ಬಿಸಿಯನ್ನು ಇನ್‌ಫ್ರಾರೆಡ್ ತಾಪಮಾಪಕದಿಂದ ನೋಡಿ. ಅಲ್ಯೂಮಿನಿಯಂ ಕೇಬಲಿಗೆ ತಾಮ್ರದ ಲಗ್ ಒತ್ತಿದ್ದರೆ ಅದು ಇಲ್ಲಿ ಸಿಕ್ಕಿಬೀಳುತ್ತದೆ.

ಹಸ್ತಾಂತರವಾದ ಮೇಲೆ ವಾರಕ್ಕೊಮ್ಮೆ ವಿದ್ಯುತ್ ಪಂಪನ್ನು 10 ನಿಮಿಷ, ಡೀಸೆಲ್ ಪಂಪನ್ನು 30 ನಿಮಿಷ ಓಡಿಸಿ. ಚಾಲೂ ಮಾಡಲು ಗುಂಡಿ ಒತ್ತಬೇಡಿ, ಪೈಪಿನ ಒತ್ತಡ ಇಳಿಸಿ ಅದು ತಾನಾಗಿ ಹತ್ತುವುದನ್ನು ನೋಡಿ. ದಿನಾಂಕ, ಹತ್ತಿದ ಒತ್ತಡ, ಮೂರು ಫೇಸಿನ ಆಂಪಿಯರ್, ಯಾವ ಮೂಲದ ವಿದ್ಯುತ್, ಸೆಲೆಕ್ಟರ್ ಆಟೋಗೆ ಮರಳಿತೇ, ಓಡಿಸಿದವರ ಸಹಿ, ಇಷ್ಟನ್ನು ಪುಸ್ತಕದಲ್ಲಿ ಬರೆಯಿಸಿ. ಪುಸ್ತಕ ಮಾತ್ರ ಪಂಪ್ ಕೋಣೆಯಲ್ಲಿರುವುದು ಬೇಡ, ಕಾವಲು ಕೋಣೆಯ ಮೇಜಿನ ಮೇಲಿರಲಿ. ಪಂಪ್ ಕೋಣೆಯ ತೇವಕ್ಕೆ ಎರಡು ಮಳೆಗಾಲದಲ್ಲಿ ಶಾಯಿ ಹರಡಿ ಒಂದು ಅಂಕಿಯೂ ಓದಲು ಸಿಗುವುದಿಲ್ಲ.